ಹೊಸತೊಡಕಿಗೆ ಸಂಬಳದ ರಜೆ

ಯುಗಾದಿಯ ಮಾರನೇ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನ ಹೋದಾಗ ತಮಿಳಿನಲ್ಲಿ ಅಚ್ಚಾದ ಕಾಗದವೊಂದನ್ನು ಕೈಗಿಟ್ಟರು. ಹಬ್ಬದ ಶುಭಾಶಯವಿರಬೇಕು ಎಂದುಕೊಂಡು ಥ್ಯಾಂಕ್ಸ್ ಹೇಳಿದೆ. ಅದು ಮೆಮೊ.

ಕೊಯಮತ್ತೂರಿನ ಪಂಪು ಕಾರ್ಖಾನೆಗೆ ಬಂದು ಆಗ ಎಂಟು ತಿಂಗಳು. ಮೋಟಾರಿಗೆ ತಾಮ್ರದ ತಂತಿ ಸುತ್ತುವುದು ನನ್ನ ಕೆಲಸ. ಸಿರಾ ಕಡೆಯ ಬರಗೂರಿನವಳಾದ ನನಗೆ ಇಲ್ಲಿ ಬಾಡಿಗೆ ಕೋಣೆ ಸಿಕ್ಕಿತ್ತು, ಮುದ್ದೆಗೆ ಹಿಟ್ಟೂ ಸಿಕ್ಕಿತ್ತು. ಹೊಸತೊಡಕು ಮಾತ್ರ ಇಲ್ಲಿನವರಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಯುಗಾದಿಗೆ ಒಬ್ಬಟ್ಟು. ನೆಂಟರಿಷ್ಟರು ಕೂಡಿ ಬಾಡೂಟ ಉಣ್ಣುವುದು ಮಾರನೇ ದಿನ.

ಮೆಮೊ ಓದಿ ಹೇಳಿದವಳು ಯೂನಿಯನ್ನಿನ ಸೆಲ್ವಿ ಅಕ್ಕ. "ಸುಮ್ಮನೆ ಮನೆಯಲ್ಲಿ ಕೂತರೆ ಗೈರುಹಾಜರಿ. ಒಪ್ಪಂದದಲ್ಲಿ ಬರೆಸಿದರೆ ವಿಡುಮುರೈ," ಎಂದಳು. ವಿಡುಮುರೈ ಎಂದರೆ ರಜೆ. ನಾನು ಹಟದಿಂದ ಕಲಿತ ಮೊದಲ ತಮಿಳು ಪದ ಅದೇ.

ಯೂನಿಯನ್ನಿಗೂ ಕಾರ್ಖಾನೆಗೂ ನಡುವಿನ ಹೊಸ ಒಪ್ಪಂದದ ಮಾತುಕತೆ ಹತ್ತಿರವಿತ್ತು. ರಜೆ ಕೇಳುವ ಮನವಿಗೆ, ಇಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಹನ್ನೊಂದು ಜನರ ಸಹಿ ಹಾಕಿಸಲು ಹೊರಟೆ. ಪ್ಯಾಕಿಂಗಿನಲ್ಲಿದ್ದ ಪಾವಗಡದ ನರಸಮ್ಮ ಹಿಂಜರಿದಳು.

"ಕೆಲ್ಸದಿಂದ ತೆಗುದ್ಬುಟ್ರೆ ಏನ್ ಮಾಡ್ತೀಯೆ?"

"ಕದ್ದು ಹಬ್ಬ ಮಾಡೋದ್ಕಿಂತ ಕೇಳಿ ಮಾಡಾನ ಕಣಮ್ಮ."

ಅವಳು ಸಹಿ ಹಾಕಿದಳು. ಒಡಿಶಾದವರೂ ಬಂದು ತಮ್ಮ ಹಬ್ಬವನ್ನೂ ಸೇರಿಸಿ ಎಂದರು. ಹಾಗಾಗಿ ಎಲ್ಲರಿಗೂ ಅವರವರ ನಾಡಿನ ಒಂದು ಹಬ್ಬಕ್ಕೆ ಸಂಬಳದ ರಜೆ ಬೇಕೆಂದು ಕೇಳಿದೆವು.

ಮಾತುಕತೆಯ ದಿನ ಮ್ಯಾನೇಜರು, "ಯುಗಾದಿಗೆ ರಜೆ ಕೊಟ್ಟಿದ್ದೇವಲ್ಲ. ಇದು ಕ್ಯಾಲೆಂಡರಿನಲ್ಲೇ ಇಲ್ಲ," ಎಂದರು.

ಸೆಲ್ವಿ ಅಕ್ಕ ನನ್ನ ಕಡೆ ನೋಡಿದಳು. ಅರೆಬರೆ ತಮಿಳಿನಲ್ಲೇ ಹೇಳಿದೆ: "ಕ್ಯಾಲೆಂಡರು ನಮ್ಮೂರನ್ನು ಕೇಳಿ ಅಚ್ಚು ಹಾಕಿದ್ದಲ್ಲ ಸಾರ್. ನಾವು ಮಾಡುತ್ತೇವೆ, ಅದಕ್ಕೇ ಅದು ಹಬ್ಬ."

ಬೇಕಾದರೆ ಒಂದು ಭಾನುವಾರ ದುಡಿದು ಸರಿದೂಗಿಸಿ ಎಂದರು.

"ಪೊಂಗಲ್ ರಜೆಗೆ ಬದಲಾಗಿ ಯಾರೂ ಭಾನುವಾರ ದುಡಿಯುವುದಿಲ್ಲ. ನಾವೂ ದುಡಿಯುವುದಿಲ್ಲ," ಎಂದೆ.

ಸುತ್ತ ಕೂತವರೆಲ್ಲ ಪೊಂಗಲ್ ಮಾಡುವವರೇ. ಸೆಲ್ವಿ ಅಕ್ಕ ನಿಧಾನವಾಗಿ, "ಅವಳು ಹೇಳಿದ್ದೇ ನಮ್ಮೆಲ್ಲರ ಮಾತು," ಎಂದಳು.

ನಾಲ್ಕನೇ ಸುತ್ತಿನಲ್ಲಿ ಅವರು ಒಪ್ಪಿದರು. ಮೆಮೊ ಕೂಡ ವಾಪಸಾಯಿತು.

ಈ ವರ್ಷ ಹೊಸತೊಡಕಿನ ದಿನ ನನ್ನ ಕೋಣೆಯಲ್ಲೇ ಬಾಡೂಟ ಮಾಡಿದೆ. ಸಂಜೆ ಶಿಫ್ಟು ಮುಗಿಸಿ ಸೆಲ್ವಿ ಅಕ್ಕನೂ ಬಂದು ಉಂಡಳು. ಬರಗೂರಿನಿಂದ ತಂಗಿ ಫೋನು ಮಾಡಿದಳು.

"ರಜ ಸಿಕ್ತು ಅಂದೆ. ಬರ್ನೇ ಇಲ್ಲ?"

"ಒಂದು ದಿನದಾಗೆ ಹೋಗಿ ಬರಕ್ಕಾಗಲ್ಲ ಕಣೇ. ಮುಂದಿನ ಒಪ್ಪಂದಕ್ಕೆ ಮೂರು ದಿನ ಕೇಳ್ತೀನಿ."

"ಕೊಟ್ರೆ ಬತ್ತೀಯಾ?"

ಮ್ಯಾನೇಜರಿಗೆ ಥಟ್ಟನೆ ಉತ್ತರ ಕೊಟ್ಟವಳು ನಾನು. ತಂಗಿಗೆ ಮಾತ್ರ, "ಮೊದ್ಲು ಕೊಡ್ಲಿ ತಡಿಯೇ," ಎಂದು ಮಾತು ತೇಲಿಸಿದೆ.