ಅಪ್ಪನ ಸ್ಯಾಕ್ಸೋಫೋನ್

ನಿವೃತ್ತನಾಗಿ ಊರಿಗೆ ಹೊರಟಿದ್ದ ಗಲ್ಫಿನ ನಮ್ಮ ಕಂಪನಿಯ ಬ್ರಿಟಿಷ್ ಮ್ಯಾನೇಜರ್, ಕರಾವಳಿಯವರಾದ ನನ್ನನ್ನೂ ನನ್ನ ಗೆಳೆಯನನ್ನೂ ಅಲ್ ಗರಾಫಾದ ತನ್ನ ವಿಲ್ಲಾಕ್ಕೆ ಊಟಕ್ಕೆ ಕರೆದಿದ್ದ. ಹರೆಯದಲ್ಲಿ ಅವನಿಗೆ ಹುಚ್ಚು ಹಿಡಿಸಿದ್ದ ಸ್ಕಾ-ಪಾಪ್ ಬ್ಯಾಂಡೊಂದರ ರೆಕಾರ್ಡುಗಳೆಲ್ಲ ಕಪಾಟಿನಲ್ಲಿದ್ದವು. ಬ್ಯಾಂಡ್ ಒಡೆದ ಮೇಲೆ ಅದರಲ್ಲಿದ್ದವರು ಬೇರೆ ಬೇರೆಯಾಗಿ ಮಾಡಿದವೂ ಇದ್ದವು. ಒಂದನ್ನು ಹಾಕಿದ. ಕುಣಿಸುವ ತಾಳದ ಮೇಲೆ ಸ್ಯಾಕ್ಸೋಫೋನ್ ಎದ್ದು ಬಂತು.

“ನಿಮ್ಮ ಕಡೆ ಇದನ್ನು ಯಾರಾದರೂ ಊದುತ್ತಾರಾ?” ಎಂದು ಕೇಳಿದ.

“ಇಲ್ಲ,” ಎಂದೆ. ಅವನು ಕೇಳದಿದ್ದರೂ ಸೇರಿಸಿದೆ: “ನಮ್ಮ ತಂದೆ ಶಾಲೆಯಲ್ಲಿ ಮಾಸ್ಟ್ರು.”

ಅಪ್ಪ ನನ್ನನ್ನು ಓದಿಸಿದ್ದೇ ಮದುವೆ ಮನೆಗಳಲ್ಲಿ ಸ್ಯಾಕ್ಸೋಫೋನ್ ಊದಿ. ಧಾರೆಯ ಹೊತ್ತಿಗೆ ಅವರ ವಾದ್ಯ ಬೇಕು, ಊಟಕ್ಕೆ ಮಾತ್ರ ಕೊನೆಯ ಪಂಕ್ತಿ. ಆ ಪಂಕ್ತಿಯಲ್ಲಿ ಅವರ ಪಕ್ಕ ಕೂತು ಉಂಡ ನಾಚಿಕೆ ಇಲ್ಲಿಗೂ ನನ್ನ ಜೊತೆ ಬಂದಿದೆ, ಥೂ.

ನಾವಿರುವ ಅಲ್ ಖೋರ್‌ಗೆ ಹಿಂದಿರುಗುವಾಗ ಗೆಳೆಯ ಕಾರು ಓಡಿಸುತ್ತಲೇ ಹೇಳಿದ: “ನನ್ನ ಅಕ್ಕನ ಮದುವೆಗೆ ಊದಿದ್ದು ನಿಮ್ಮ ಅಪ್ಪ ಅಲ್ವಾ ಮಾರಾಯ್ರೆ? ವಿಡಿಯೋ ಉಂಟು. ಕಳಿಸ್ಬೇಕಾ?”

ಅಪ್ಪ ತೀರಿಹೋಗಿದ್ದಾರೆ. ಅವರು ಊದಿದ್ದು ಒಂದು ನಿಮಿಷದಷ್ಟೂ ನನ್ನ ಬಳಿ ಇಲ್ಲ.

“ಬೇಡ,” ಎಂದೆ. “ಅದು ನಮ್ಮ ಅಪ್ಪ ಅಲ್ಲ.”