ಬಾಗಿಲ ಅಜ್ಜಿಯ ಮಾತು

ಆ ದಿನ ಮಧ್ಯಾಹ್ನ ನನ್ನ ಗಂಡ ಊಟ ಮುಗಿಸಿ, ಕಿಟಕಿಗೆ ಹಾಕಿದ್ದ ಜಮಖಾನವನ್ನು ಇನ್ನೊಂದು ಸಲ ಎಳೆದು ಸರಿಮಾಡಿ, ಟಿ.ವಿ. ಮುಂದೆ ಕೂತರು. ಹೊಸೂರಿನ ಪಕ್ಕ ಅವಲಪಲ್ಲಿಯ ಆ ಬಾಡಿಗೆ ಮನೆಯ ಕಿಟಕಿಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಅವರದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಮಲಗಿದರೆ ಏಳುವಾಗ ಊಟದ ಹೊತ್ತು. ಅವರ ನಿದ್ದೆಗೆಂದು ಮೊಳೆ ಹೊಡೆದು ಕಟ್ಟಿದ ಜಮಖಾನವೇ ಆಮೇಲೆ ನಮ್ಮ ಸಿನಿಮಾಕ್ಕೂ ಕತ್ತಲೆ ಕೊಡುತ್ತಿತ್ತು.

ನಾವು ನೋಡುತ್ತಿದ್ದುದು ಹಳೆಯ ದೆವ್ವದ ಚಿತ್ರಗಳು. ಹೊಸೂರಿನ ಒಂದು ಹಳೇ ಟಾಕೀಸಿನಲ್ಲಿ, ಸಿನಿಮಾ ಹುಚ್ಚಿನ ಒಂದಷ್ಟು ಜನ ಸೇರಿ, ತಡರಾತ್ರಿ ಶುರುಮಾಡಿ ಬೆಳಗಿನವರೆಗೆ ದೆವ್ವದ ಚಿತ್ರ ತೋರಿಸುವ ಉತ್ಸವ ಮಾಡುತ್ತಾರೆಂದು ಅವರಿಗೆ ಗೊತ್ತಾಗಿತ್ತು. ಆ ರಾತ್ರಿಗೆ ರಜೆ ಹೇಳಿ ಎರಡು ಸೀಟು ಹಿಡಿದಿಟ್ಟಿದ್ದರು. ನನಗೆ ದೆವ್ವದ ಸಿನಿಮಾ ಅಂದರೆ ಕೈಕಾಲು ತಣ್ಣಗಾಗುತ್ತವೆ. ನಾನು ಬರುವುದಿಲ್ಲ ಅಂದೆ.

"ಈಗಿನ ದೆವ್ವಗಳೆಲ್ಲಾ ಹಳೇ ದೆವ್ವಗಳ ಮೊಮ್ಮಕ್ಕಳು ಕಣೇ. ತಾತ, ಮುತ್ತಾತನ ಪರಿಚಯ ಮಾಡ್ಕೊಂಡ್ಬುಟ್ರೆ ಮೊಮ್ಮಕ್ಕಳಿಗೆ ಯಾರು ಹೆದರ್ತಾರೆ? ಹಳೇವನ್ನೆಲ್ಲಾ ಮುಗಿಸ್ದೆ ಉತ್ಸವಕ್ಕೆ ಹೋಗಂಗಿಲ್ಲ" ಅಂದರು.

ಹೀಗೆ ದಿನವೂ ಮಧ್ಯಾಹ್ನ ಸ್ವಲ್ಪ ಸ್ವಲ್ಪ ನೋಡುವುದು ಶುರುವಾಯಿತು. ಮೊದಲು ನಮ್ಮ ಕಡೆಯವು: ಬಿಳಿ ಸೀರೆ, ಗೆಜ್ಜೆ ಸದ್ದು, ಹುಣಸೆಮರ. ಆಮೇಲೆ ಹೊರದೇಶದ ಕಪ್ಪು ಬಿಳುಪಿನವು. ಅವಕ್ಕೆ ಅವರು ಸದ್ದು ತೆಗೆದುಬಿಡುತ್ತಿದ್ದರು. ಹೆದರಿಸುವುದು ಚಿತ್ರವಲ್ಲ, ಸದ್ದು ಅನ್ನುವುದು ಅವರ ವಾದ. ಸದ್ದು ತೆಗೆದು, ಪರದೆಯ ಮೇಲಿನ ಎಲ್ಲರಿಗೂ ತಾವೇ ಮಾತು ಕೊಡುತ್ತಿದ್ದರು, ನಮ್ಮ ಹೊಸೂರು ಕಡೆಯ ಕನ್ನಡದಲ್ಲಿ. ಹಗಲೆಲ್ಲ ಪೆಟ್ಟಿಗೆಯಲ್ಲಿ ಮಲಗಿ, ಕತ್ತಲಾದ ಮೇಲೆ ಎದ್ದು ರಕ್ತ ಕುಡಿಯಲು ಹೊರಡುವ ಒಬ್ಬನನ್ನು ತೋರಿಸಿ, "ನೋಡೇ, ಇವ್ನೂ ನೈಟ್ ಶಿಫ್ಟೇ. ಪಾಪ, ಇವ್ನಿಗೆ ಬಸ್ಸೂ ಇಲ್ಲ, ಹಾರ್ಕೊಂಡೇ ಹೋಗ್ಬೇಕು" ಅಂದಾಗ ನಾನು ನಕ್ಕು ನಕ್ಕು ಕೆಮ್ಮಿದ್ದೆ. ಅಂದಿನಿಂದ ಆ ಜಾತಿಯ ದೆವ್ವ ಬಂದರೆ ನನಗೆ ಭಯವಾಗಲೇ ಇಲ್ಲ.

ಹೆಣ್ಣು ದೆವ್ವ ಯಾವುದೇ ಬರಲಿ, ಅದಕ್ಕೆ ಅವರು ಕೊಡುತ್ತಿದ್ದುದು ತಮ್ಮ ಅಜ್ಜಿಯ ಮಾತು. ಅವರ ಊರು ಉದ್ದನಪಲ್ಲಿ. ಚಿಕ್ಕಂದಿನಲ್ಲಿ ಟೆಂಟಿನಲ್ಲಿ ತಮಿಳು ಸಿನಿಮಾ ನೋಡಿ ಬಂದು ರಾತ್ರಿ ಅಜ್ಜಿಗೆ ಕತೆ ಹೇಳಬೇಕಿತ್ತಂತೆ. ಅಜ್ಜಿಗೆ ತಮಿಳು ಬಾರದು. "ದೆವ್ವ ಏನಂತ್ಲಾ?" ಎಂದು ಅಜ್ಜಿ ಕೇಳುವುದು, ಇವರು ಆ ಅಜ್ಜಿಯದೇ ದನಿಯಲ್ಲಿ ಕನ್ನಡ ಮಾಡಿ ಹೇಳುವುದು. ಆ ಅಭ್ಯಾಸ ಉಳಿದುಬಿಟ್ಟಿತ್ತು. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳುತ್ತಿರಲಿಲ್ಲ. ಪರದೆಯವರ ತುಟಿ ಎಷ್ಟು ಆಡುತ್ತದೋ ಅಷ್ಟೇ ಮಾತು. ಬಾಯಿ ಮುಚ್ಚಿದಾಗ ಮಾತೂ ಮುಗಿಯಬೇಕು. ಮುಗಿಯದಿದ್ದರೆ ಹಿಂದಕ್ಕೆ ಓಡಿಸಿ, ಮತ್ತೆ ಹೇಳಿ ಕೂಡಿಸುತ್ತಿದ್ದರು. ನಡುನಡುವೆ ಅವರು ಕಿರುಚುವುದು, ಅದಕ್ಕೆ ನಾನು ಕಿರುಚುವುದು ಇದ್ದೇ ಇತ್ತು. ಪಕ್ಕದ ಮನೆಯ ತೆಲುಗಿನ ಅಕ್ಕ ಒಂದು ದಿನ ನೀರು ಹಿಡಿಯುವಾಗ ನನ್ನ ಕೈ ತಿರುಗಿಸಿ ನೋಡಿ, "ಏಮಮ್ಮಾ, ರೋಜೂ ಆ ಅರುಪುಲೇಮಿ? ಕೊಡ್ತಾಡಾ?" ಎಂದು ಮೆಲ್ಲಗೆ ಕೇಳಿದ್ದರು. ದಿನವೂ ಆ ಕಿರುಚಾಟ ಏನು, ಗಂಡ ಹೊಡೆಯುತ್ತಾನಾ ಎಂದು. ನಾನು ದೆವ್ವದ ವಿಷಯ ಹೇಳಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ.

ಆ ಕೊನೆಯ ಮಧ್ಯಾಹ್ನ ನೋಡುತ್ತಿದ್ದುದೂ ಕೊನೆಯ ಚಿತ್ರ. ಬೆಟ್ಟದ ಮೇಲಿನ ಒಂದು ದೊಡ್ಡ ಮನೆ. ಚಿತ್ರವಿಡೀ ಒಂದು ಬಾಗಿಲು ಮುಚ್ಚಿಯೇ ಇರುತ್ತದೆ. ಅದರ ಹಿಂದೆ ಯಾರೋ ಓಡಾಡುತ್ತಾರೆ. ಕೊನೆಗೆ ಒಬ್ಬ ಹೋಗಿ ಬಾಗಿಲು ತಟ್ಟುತ್ತಾನೆ. ಅಲ್ಲಿಗೆ ನಿಲ್ಲಿಸಿ ಅವರು ನನ್ನ ಕಡೆ ತಿರುಗಿದರು.

"ಒಳಗಿರೋದು ಒಂದು ಮುದುಕಿ. ಬಾಗ್ಲು ತೆಗೆದು ಒಂದೇ ಒಂದು ಮಾತಾಡ್ತಾಳೆ. ಆ ಮಾತ್ನ ಮೂರು ದಿನದಿಂದ ಬಸ್ಸಲ್ಲಿ ಕೂತು ರೆಡಿ ಮಾಡಿವ್ನಿ. ಕೇಳುದ್ರೆ ನೀನು ಬಿದ್ದು ಬಿದ್ದು ನಗ್ತೀಯ."

"ಹೇಳ್ರೀ ಮತ್ತೆ."

"ಬಾಯಿ ಬೇಕಲ್ಲೇ? ಅವಳ ಬಾಯಿ ಆಡ್ದೆ ನಾನ್ಯಾಕೆ ಹೇಳ್ಲಿ?"

ಅಷ್ಟರಲ್ಲಿ ನಮ್ಮ ಬಾಗಿಲು ಬಡಿಯಿತು. ನಾನು ನಿಜವಾಗಿ ಕಿರುಚಿದೆ. ಬಂದವರು ಉದ್ದನಪಲ್ಲಿಯ ಭಾವ, ಇವರ ಅಣ್ಣ. ಕೈಯಲ್ಲಿ ಅವರೆಕಾಯಿಯ ಚೀಲ.

"ಏನ್ಲಾ ಇದು, ಹಗಲೊತ್ನಾಗೆ ಕಿಟಕಿ ಮುಚ್ಕೊಂಡು?"

"ದೆವ್ವ ನೋಡ್ತಾ ಇದ್ವಿ ಕಣಣ್ಣ."

"ಅದ್ಕೆ ಟಿ.ವಿ. ಯಾಕ್ಲಾ? ಡೆಂಕಣಿಕೋಟೆ ಕಡೆ ನಮ್ಮ ಷಡ್ಕನ ಹೊಲಕ್ಕೆ ಹೋಗಿ ಕಾವ್ಲು ಕೂತ್ಕೋ. ಆನೆ ಬತ್ತದೆ. ಸದ್ದೂ ಮಾಡಕಿಲ್ಲ, ದೀಪಾನೂ ಹಾಕಕಿಲ್ಲ. ಪಕ್ಕದಾಗೆ ನಿಂತಿರ್ತದೆ."

"ಆನೆಗೆ ಡೈಲಾಗ್ ಬರಲ್ವಲ್ಲಣ್ಣ."

ಭಾವ ಕೂತರು. ಕಾಫಿ ಆಯಿತು, ಅವರೆಕಾಯಿ ಬಿಡಿಸುವುದಾಯಿತು, ರಾಗಿ ಕುಯ್ಲಿಗೆ ಆಳು ಸಿಗದ ಮಾತಾಯಿತು. ಅವರು ಎದ್ದು ಹೋಗುವಾಗ ಸಂಜೆಯಾಗಿತ್ತು. ಸಿನಿಮಾ ಮುಗಿಸಲು ಹೊತ್ತು ಉಳಿಯಲಿಲ್ಲ. ಉಂಡು, ಬುತ್ತಿ ಚೀಲ ಹಿಡಿದು ಹೊರಡುವಾಗ ನನ್ನ ಗಂಡ ಚಪ್ಪಲಿ ಮೆಟ್ಟುತ್ತಾ, "ಮುದುಕಿ ಬಾಗ್ಲ ಹಿಂದೇನೇ ಇರ್ತಾಳೆ. ನೀನು ತೆಗೀಬ್ಯಾಡ. ನಾಳೆ ಬಂದು ನಾನೇ ತೆಗೀತೀನಿ" ಅಂದರು. ಅವರೆಕಾಳಿನ ಸಾರು ನಾಳೆಗೂ ಇರಲಿ ಅಂದರು.

ಮರುದಿನ ಬೆಳಿಗ್ಗೆ ನಾನು ಜಮಖಾನವನ್ನು ಮೊಳೆಗೆ ಸಿಕ್ಕಿಸುತ್ತಿದ್ದೆ. ಅವರು ಬಂದು ಮಲಗುವ ಹೊತ್ತು ಹತ್ತಿರವಾಗಿತ್ತು. ಫೋನು ಬಂತು, ಅವರ ನಂಬರಿನಿಂದಲೇ. ಕಾರ್ಖಾನೆ ಬಸ್ಸಿನಿಂದ ಅವರು ದಿನವೂ ಫೋನು ಮಾಡುತ್ತಿದ್ದರು. ಆ ತಿಂಗಳು ಪೂರ್ತಿ ದೆವ್ವದ ದನಿಯಲ್ಲೇ, "ಬತ್ತಾ ಇವ್ನೀ... ಸಾರು ಬಿಸಿ ಮಾಡೂ..." ಎಂದು ಎಳೆದು ಎಳೆದು. ಒಮ್ಮೊಮ್ಮೆ ಜೊತೆಯವರ ಕೈಗೆ ಫೋನು ಕೊಟ್ಟು ಆಟ ಆಡಿಸುವುದೂ ಇತ್ತು. ಹಾಗಾಗಿ ಬೇರೆ ದನಿ ಕೇಳಿದಾಗ ನಾನು ಆಗಲೇ ನಗಲು ಸಿದ್ಧಳಾಗಿದ್ದೆ.

"ಅಣ್ಣೀ..." ಅಂದ ಒಬ್ಬ. ತಮಿಳಿನಲ್ಲಿ ಅತ್ತಿಗೆಗೆ ಹಾಗೆನ್ನುತ್ತಾರೆ. "ಅಣ್ಣನ್ ತವರಿಟ್ಟಾರು ಅಣ್ಣೀ."

ನಾನು ಮಾಲೂರಿನ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅಂಗಡಿಗೆ, ಬಸ್ಸಿಗೆ ಬೇಕಾದಷ್ಟು ತಮಿಳು ಬಂತು. ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ನನ್ನ ಕಿವಿಗೆ ಬಿದ್ದುದು ತವರು ಅನ್ನುವ ಒಂದು ಮಾತು.

"ತವರಿಗೆ ಹೋದ್ರಾ?" ಅಂದೆ. "ಗಂಡಸರಿಗೂ ತವರು ಅಂತ ಒಂದಿರ್ತದಾ? ಯಾರ ತವರಿಗಪ್ಪಾ? ನನ್ನ ತವರಿಗಾದ್ರೆ ನನ್ನೂ ಕರ್ಕೊಂಡು ಹೋಗಿ ಅನ್ನು."

ಗಟ್ಟಿಯಾಗಿ ನಕ್ಕೆ. ಆ ಕಡೆಯಿಂದ ಮತ್ತೆ ಅದೇ ಮಾತು, ಇನ್ನೂ ಮೆಲ್ಲಗೆ. ಸಿನಿಮಾ ಮುಗಿಸಬೇಕು, ಬೇಗ ಬನ್ನಿ ಅನ್ನು ಎಂದೆ. ಫೋನು ಇನ್ನೊಬ್ಬರ ಕೈಗೆ ಹೋಯಿತು. ಅವರು ಕನ್ನಡದವರು.

"ಅಮ್ಮಾ, ಅವ್ರು ಹೋಗ್ಬುಟ್ರು."

"ಎಲ್ಲಿಗೆ?" ಎಂದು ಕೇಳಿದೆ.

ಅವರು ಮನೆಯಲ್ಲಿ ಇನ್ನು ಯಾರಿದ್ದಾರೆ ಎಂದು ಕೇಳಿದರು. ನಮಗೆ ಮಕ್ಕಳಿಲ್ಲ. ನಾನು ಹೊರಗೆ ಹೋಗಿ ಫೋನನ್ನು ಪಕ್ಕದ ಮನೆಯ ಅಕ್ಕನ ಕೈಗೆ ಕೊಟ್ಟೆ, ಏನೋ ಆಟ ಆಡ್ತಿದಾರೆ ನೋಡಿ ಅಕ್ಕ ಎಂದು. ಅವರು ಕೇಳುತ್ತಾ ಕೇಳುತ್ತಾ ತಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಪೋಯಿನಾರಮ್ಮಾ" ಅಂದರು. ಅದೂ ಹೋದರು ಎಂದೇ. ಮೂರು ಭಾಷೆಯಲ್ಲಿ ಮೂರು ಜನ ನನಗೆ ಹೇಳಿದರು, ಒಬ್ಬರೂ ಸತ್ತರು ಅನ್ನಲಿಲ್ಲ. ನನಗೆ ತಿಳಿದದ್ದು ಅಕ್ಕನ ಮುಖ ನೋಡಿ.

ನಾನು ಕಿರುಚಲಿಲ್ಲ. ದಿನವೂ ಕಿರುಚುತ್ತಿದ್ದವಳು ಅವತ್ತು ಬಾಯಿ ತೆರೆದು ನಿಂತಿದ್ದೆ, ಸದ್ದು ತೆಗೆದ ಚಿತ್ರದಲ್ಲಿರುವವರ ಹಾಗೆ. ಒಂದು ಕೈಯಲ್ಲಿ ಜಮಖಾನದ ದಾರ ಇತ್ತಂತೆ. ಅದನ್ನು ಅಕ್ಕ ಆಮೇಲೆ ಬಿಡಿಸಿಕೊಂಡರಂತೆ.

ನನ್ನ ಗಂಡ ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತಿದ್ದರು. ಇಳಿಯುವ ಜಾಗ ಬಂದಾಗ ಪಕ್ಕದವನು ಅಲುಗಿಸಿದ. ಏಳಲಿಲ್ಲ. ದೆವ್ವದ ಆಟ ಅಂದುಕೊಂಡು ಜೊತೆಯವರೂ ಮೊದಲು ನಕ್ಕರಂತೆ. ಒಬ್ಬ ಕಚಗುಳಿ ಇಟ್ಟನಂತೆ. ಡಾಕ್ಟರು ಹೃದಯ ಅಂದರು. ಅದಕ್ಕಿಂತ ಮೊದಲು ಒಂದು ದಿನವೂ ಅವರು ಎದೆ ಹಿಡಿದುಕೊಂಡವರಲ್ಲ.

ಉದ್ದನಪಲ್ಲಿಯ ಹೊಲದಲ್ಲಿ, ಅಜ್ಜಿಯ ಸಮಾಧಿ ಇರುವ ಬದುವಿನ ಪಕ್ಕದಲ್ಲೇ ಮಣ್ಣು ಮಾಡಿದರು. ಹೊಲದಿಂದ ಬಂದವರೆಲ್ಲ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಹೋದರು. ನನ್ನ ಕಾಲಿಗೆ ನೀರು ಬಿದ್ದದ್ದು ನೆನಪಿದೆ. ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ನೆನಪಿಲ್ಲ. ತಿಥಿ ಮುಗಿಯುವವರೆಗೆ ಅಲ್ಲೇ ಇದ್ದೆ. ಇಲ್ಲೇ ಇದ್ದುಬಿಡಮ್ಮಾ ಎಂದರು ಭಾವ. ನಾನು ಅವಲಪಲ್ಲಿಗೆ ವಾಪಸು ಬಂದೆ.

ತವರಿಟ್ಟಾರು ಅಂದರೆ ಏನು ಎಂದು ಆಮೇಲೆ ಅವರ ಜೊತೆಯವನನ್ನೇ ಕೇಳಿದೆ. ತೀರಿಕೊಂಡರು ಅನ್ನುವ ಹಾಗೆ ಮರ್ಯಾದೆಯ ಮಾತು ಅದು ಅಂದ. ತಮಿಳಿನಲ್ಲಿ ಸಾವಿಗೆ ನನಗೆ ಗೊತ್ತಿದ್ದುದು ಒರಟು ಮಾತು ಒಂದೇ. ಅದನ್ನೇ ಹೇಳಿದ್ದರೆ ಗೊತ್ತಾಗುತ್ತಿತ್ತು. ಅವನು ಒಳ್ಳೆಯವನು, ಮರ್ಯಾದೆಯಾಗಿ ಹೇಳಿದ. ನನ್ನ ನಗು ಅವನ ಕಿವಿಯಲ್ಲಿ ಇನ್ನೂ ಇದೆ ಅಂದ. ನನ್ನ ಕಿವಿಯಲ್ಲೂ ಇದೆ. ಈಗಲೂ ತವರು ಅನ್ನುವ ಮಾತು ಯಾರಾದರೂ ಆಡಿದರೆ ನಾನು ಎದ್ದು ಆಚೆ ಹೋಗುತ್ತೇನೆ. ತಂಗಿ ಫೋನು ಮಾಡಿ ತವರಿಗೆ ಬಾರೇ ಅಂದಾಗ ಫೋನು ಕೆಳಗಿಟ್ಟುಬಿಟ್ಟೆ.

ನಮ್ಮ ಟಿ.ವಿ.ಯಲ್ಲಿ ಅರ್ಧಕ್ಕೆ ಬಿಟ್ಟ ಚಿತ್ರ ಮೊದಲು ಕಾಣುತ್ತದೆ, ಅಲ್ಲಿಂದಲೇ ಮುಂದುವರಿಸಿ ಎಂದು. ವಾರ್ತೆ ನೋಡೋಣ ಎಂದು ಹಾಕಿದರೂ ಮೊದಲು ಬರುವುದು ಆ ಮುಚ್ಚಿದ ಬಾಗಿಲು. ಮೊದಲ ದಿನ ಅದನ್ನು ನೋಡಿದ ತಕ್ಷಣ ಸ್ವಿಚ್ಚನ್ನೇ ಆರಿಸಿದೆ. ನೀನು ತೆಗೀಬ್ಯಾಡ ಅಂದಿದ್ದರಲ್ಲ.

ಆಮೇಲೊಂದು ಬೆಳಿಗ್ಗೆ ಅವರ ಫೋನಿಗೆ ಸಂದೇಶ ಬಂತು. ಇವತ್ತು ರಾತ್ರಿ ಉತ್ಸವ, ಎರಡು ಸೀಟು, ಸ್ವಲ್ಪ ಮುಂಚೆ ಬನ್ನಿ ಎಂದು. ಅದನ್ನು ಎರಡು ಸಲ ಓದಿದೆ. ಅಷ್ಟು ದಿನ ಆಗಿಹೋಯಿತೇ, ಆ ರಾತ್ರಿ ಬಂದೇಬಿಟ್ಟಿತೇ ಎಂದು. ಹೋಗುವ ಮನಸ್ಸಿರಲಿಲ್ಲ. ಆದರೆ ಹಳೇವನ್ನೆಲ್ಲ ಮುಗಿಸಬೇಕು ಅಂದಿದ್ದರು. ಒಂದೇ ಉಳಿದಿತ್ತು, ಅದೂ ಕೊನೆಯ ತುಂಡು. ಮಧ್ಯಾಹ್ನ ಜಮಖಾನ ಕಟ್ಟಿದೆ. ಸದ್ದು ತೆಗೆದೆ. ಬಾಗಿಲು ತೆಗೆದೆ.

ಒಳಗೆ ಮುದುಕಿಯೇ ಇದ್ದಳು. ಬಿಳಿ ಕೂದಲು, ಕೈಯಲ್ಲಿ ದೀಪ. ನಮ್ಮ ಕಡೆ ನೋಡಿ ಬಾಯಿ ಆಡಿಸಿದಳು. ಮನೆಯಲ್ಲಿ ಏನೂ ಕೇಳಿಸಲಿಲ್ಲ. ಇಷ್ಟು ಹೆದರಿಕೆಯ ಸಿನಿಮಾ ನಾನು ನೋಡಿರಲಿಲ್ಲ. ಅವಳ ಬಾಯಿ ಆಡುತ್ತಿದೆ, ನನ್ನ ಪಕ್ಕದಲ್ಲಿ ಯಾರೂ ಮಾತಾಡುತ್ತಿಲ್ಲ.

ಸದ್ದು ಹಾಕಿ ನೋಡಿದೆ. ಇಂಗ್ಲಿಷು, ತಿಳಿಯಲಿಲ್ಲ. ಕೆಳಗೆ ತಮಿಳು ಅಕ್ಷರ ಬರುವ ಹಾಗೆ ಮಾಡಿ, ನಿಲ್ಲಿಸಿ ನಿಲ್ಲಿಸಿ, ಬಸ್ಸಿನ ಬೋರ್ಡಿನಲ್ಲಿ ಕಲಿತ ಅಕ್ಷರ ಕೂಡಿಸಿ ಓದಿದೆ. ಅರ್ಥವಾಯಿತು. ನಗು ಬರುವ ಮಾತಲ್ಲ ಅದು. ಅವರು ಹೇಳಬೇಕೆಂದಿದ್ದುದು ಅದಲ್ಲ.

ಭಾವನಿಗೆ ಫೋನು ಮಾಡಿದೆ.

"ಏನಮ್ಮಾ, ಉಂಡ್ಯಾ?" ಅಂದರು.

"ಉಂಡೆ ಭಾವ. ಒಂದು ಮಾತು ಕೇಳ್ಬೇಕಿತ್ತು. ನಿಮ್ಮಜ್ಜಿ, ಯಾರಾದ್ರೂ ಬಂದು ಬಾಗ್ಲು ತಟ್ಟಿದ್ರೆ, ತೆಗೆದು ಏನಂತಿದ್ರು?"

ಅವರು ಯಾಕೆಂದು ಕೇಳಲಿಲ್ಲ.

"ಏನಂತಾಳೆ? ಸಿನ್ಮಾ ನೋಡ್ಕೊಂಡು ಹೊತ್ತಾಗಿ ಬತ್ತಿದ್ವಲ್ಲ, 'ಕಾಲು ತೊಳ್ಕೊಂಡು ಒಳಕ್ ಬಾರ್ಲಾ' ಅನ್ನೋಳು. ಆಮ್ಯಾಕೆ ಅವ್ನ್ಗೊಬ್ಬನ್ಗೆ ಇನ್ನೊಂದೇನೋ ಅನ್ನೋಳು. ಅವ್ನು ಬಾಗ್ಲಲ್ಲೇ ನಿಂತು ನಗೋನು. ನಾನು ಒಳಕ್ಕೆ ಓಡಿ ಮುದ್ದೆಗೆ ಕೈ ಹಾಕಿರ್ತಿದ್ದೆ. ನಂಗೆ ಕೇಳಿಸ್ಲಿಲ್ಲ ಕಣಮ್ಮಾ."

ಫೋನು ಇಟ್ಟು ಮತ್ತೆ ಸದ್ದು ತೆಗೆದು ಹಿಂದಕ್ಕೆ ಓಡಿಸಿದೆ. ಬಾಗಿಲು ತೆಗೆಯಿತು. ಮುದುಕಿ ಬಾಯಿ ತೆರೆದಳು. ಅವರ ಹಾಗೆಯೇ ಹೇಳಿದೆ: "ಕಾಲು ತೊಳ್ಕೊಂಡು ಒಳಕ್ ಬಾರ್ಲಾ." ಅಳತೆಗೆ ಹೊಲಿದ ಹಾಗೆ ಕೂತಿತು. ಬಾರ್ಲಾ ಎಂದಾಗ ಅವಳ ತುಟಿ ಮುಚ್ಚಿತು.

ಒಂದು ಗಳಿಗೆ ಬಿಟ್ಟು ಅದು ಮತ್ತೆ ತೆರೆಯುತ್ತದೆ. ಅವಳು ಇನ್ನೂ ಏನೋ ಹೇಳುತ್ತಾಳೆ. ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಹೇಳುತ್ತಾಳೆ. ಆ ಉಳಿದ ಮಾತು ನನ್ನ ಹತ್ತಿರ ಇಲ್ಲ.