ಬಳೆಯ ಕೈಯಲ್ಲಿ ಜಾದೂ

ಜಯಶೀಲಾಳಂಥ ಹೊಟ್ಟೆಕಿಚ್ಚಿನ ಹೆಂಗಸನ್ನು ಇಡೀ ಶಿವಮೊಗ್ಗದಲ್ಲಿ ನಾನು ಇನ್ನೊಬ್ಬಳನ್ನು ಕಂಡಿಲ್ಲ. ಇದನ್ನು ಅವಳ ಮುಖಕ್ಕೇ ಹೇಳಿದ್ದೇನೆ, ಅವಳು ನಕ್ಕು ಸುಮ್ಮನಾಗಿದ್ದಾಳೆ. ಸವಳಂಗ ರಸ್ತೆಯ ನಮ್ಮ ಶಾಲೆಯಲ್ಲಿ ಅವಳು ಮೂರನೇ ಕ್ಲಾಸಿನ ಟೀಚರು, ನಾನು ನಾಲ್ಕನೆಯದರ ಟೀಚರು. ಯಾರಾದರೂ ಹೊಸ ಸೀರೆ ಉಟ್ಟು ಬಂದರೆ ಸೆರಗು ಮುಟ್ಟಿ ನೋಡಿ, ಎರಡು ಒಗೆತಕ್ಕೆ ಬಣ್ಣ ಹೋಗುತ್ತದೆ ಅನ್ನುವಳು. ಹೆಡ್‌ಮಾಸ್ಟರು ಬೇರೆಯವರ ಕ್ಲಾಸನ್ನು ಹೊಗಳಿದ ದಿನ ಅವಳ ಡಬ್ಬಿಯ ರೊಟ್ಟಿ ಮುಟ್ಟದೆ ಮನೆಗೆ ವಾಪಸಾಗುತ್ತಿತ್ತು. ಆದರೆ ಕೆಲಸಗಳ್ಳಿಯಲ್ಲ. ಹೊಟ್ಟೆ ಉರಿದಷ್ಟೂ ಹೆಚ್ಚು ದುಡಿಯುತ್ತಿದ್ದಳು.

ತೊಂಬತ್ತೇಳರಲ್ಲಿ ಅವಳಿಗೆ ಜಾದೂ ಹುಚ್ಚು ಹಿಡಿಯಿತು. ಭದ್ರಾವತಿಯ ಗೋವಿಂದಯ್ಯನವರು ನಮ್ಮ ಶಾಲೆಗೆ ಬಂದಿದ್ದರು. ಕಾರ್ಖಾನೆಯಿಂದ ರಿಟೈರಾದವರು, ಗಣಪತಿ ಪೆಂಡಾಲುಗಳಲ್ಲಿ ಜಾದೂ ಮಾಡಿ ಹೆಸರಾದವರು. ಒಬ್ಬ ಹುಡುಗಿಯ ಕಿವಿಯಿಂದ ಒಂದು ರೂಪಾಯಿ ನಾಣ್ಯ ತೆಗೆದರು, ಅಷ್ಟೇ. ಮೂರನೇ ಕ್ಲಾಸಿನ ಮಕ್ಕಳು ಬಾಯಿ ತೆರೆದು ಅವರನ್ನೇ ನೋಡಿದವು. ತನ್ನನ್ನು ಒಂದು ದಿನವೂ ಹಾಗೆ ನೋಡದ ಮಕ್ಕಳು ಈ ಮುದುಕನನ್ನು ನೋಡುತ್ತವಲ್ಲ ಎಂದು ಜಯಶೀಲಾ ಮೈಯೆಲ್ಲ ಪರಚಿಕೊಂಡಳು. ಗೋವಿಂದಯ್ಯನವರು ಹೋಗುವಾಗ, ಆಸೆ ಇದ್ದವರು ಭಾನುವಾರ ಮನೆಗೆ ಬನ್ನಿ, ಕಲಿಸುತ್ತೇನೆ, ಚೆನ್ನಾಗಿ ಕಲಿತ ಒಬ್ಬ ಟೀಚರಿಗೆ ಮಹಿಳಾ ಸಮಾಜದವರ ಮಕ್ಕಳ ದಿನಾಚರಣೆಯಲ್ಲಿ ನನ್ನ ವೇದಿಕೆ ಬಿಟ್ಟುಕೊಡುತ್ತೇನೆ ಎಂದರು. ಆ ವೇದಿಕೆ ತನ್ನದೇ ಎಂದು ಅವಳು ಆವತ್ತೇ ತೀರ್ಮಾನಿಸಿದಳು. ಭದ್ರಾವತಿ ಬಸ್ಸಿಗೆ ಜೊತೆ ಬೇಕೆಂದು ನನ್ನನ್ನೂ ಎಳೆದುಕೊಂಡು ಹೋದಳು.

ಮೊದಲ ಪಾಠವೇ ನಾಣ್ಯ ಮಾಯ ಮಾಡುವುದು. ಬಲಗೈಯ ನಾಣ್ಯವನ್ನು ಎಡಗೈಗೆ ಹಾಕಿದಂತೆ ತೋರಿಸಿ ಬಲಗೈಯಲ್ಲೇ ಅಡಗಿಸಿಕೊಳ್ಳಬೇಕು. ಹೇಳಿದಷ್ಟು ಸುಲಭವಲ್ಲ. ಅಂಗೈ ಬೆವರುತ್ತದೆ, ಹೆಬ್ಬೆರಳು ಸೆಟೆದುಕೊಳ್ಳುತ್ತದೆ, ಎಲ್ಲಿ ಅಡಗಿಸಿದ್ದೇವೋ ಅಲ್ಲಿಗೇ ನಮ್ಮ ಕಣ್ಣು ಓಡುತ್ತದೆ. ನನ್ನ ನಾಣ್ಯ ಪ್ರತಿ ಸಲವೂ ಮಂಚದ ಕೆಳಗೆ ಉರುಳಿತು, ನಾನು ಬೇಗ ಕೈಬಿಟ್ಟೆ. ಜಯಶೀಲಾ ಬಿಡಲಿಲ್ಲ. ಹಾಜರಿ ಕರೆಯುವಾಗಲೂ ಅಂಗೈಯಲ್ಲಿ ನಾಣ್ಯ ಇಟ್ಟುಕೊಂಡು ಪಳಗಿದಳು. ಬೆವರು, ಬೆರಳು, ಕಣ್ಣು ಎಲ್ಲವೂ ಅವಳ ಮಾತು ಕೇಳಿದವು. ಬಳೆ ಮಾತ್ರ ಕೇಳಲಿಲ್ಲ.

ಗೋವಿಂದಯ್ಯನವರು ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಅವಳು ನಾಣ್ಯ ಅಡಗಿಸಿದ ಕೂಡಲೇ ಗಾಜಿನ ಬಳೆಗಳು ಗಲ್ಲೆನ್ನುತ್ತಿದ್ದವು, ತಿರುಗಿ ನೋಡದೆಯೇ ಅವರು ಈಗ ಬಚ್ಚಿಟ್ಟಿರಿ ಅನ್ನುತ್ತಿದ್ದರು. ಗಂಡಸರಿಗಾದರೆ ಈ ಕಷ್ಟವಿಲ್ಲ, ಕೋಟಿನ ತೋಳಿದೆ, ಜೇಬಿದೆ. ಬಳೆ ತೆಗೆದುಬಿಡಿ ಎಂದು ಅವರು ಒಂದೆರಡು ಸಲ ಹೇಳಿದರು. ಮುತ್ತೈದೆ ಒಂದು ಗಳಿಗೆಯೂ ಬಳೆ ಕಳಚಬಾರದು, ಅತ್ತೆ ಕರಿಬಸಮ್ಮನಿಗೆ ಗೊತ್ತಾದರೆ ಒಳಗೆ ಕಾಲಿಡಲು ಬಿಡುವುದಿಲ್ಲ ಎಂದು ಇವಳು. ಬಳೆಗಳನ್ನು ಮೊಣಕೈವರೆಗೆ ಏರಿಸಿ ನೋಡಿದಳು, ಇಳಿದವು. ರಬ್ಬರ್ ಬ್ಯಾಂಡ್ ಹಾಕಿದಳು, ಕೈ ಊದಿಕೊಂಡಿತು.

ಪಕ್ಕದಲ್ಲೇ ಹೇಮಶ್ರೀ ಇದ್ದಳು. ಭದ್ರಾವತಿಯ ನರ್ಸರಿ ಟೀಚರು, ಇನ್ನೂ ಚಿಕ್ಕ ಪ್ರಾಯ. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು. ಬಳೆಯಿಲ್ಲದ ಅವಳ ಕೈಯಲ್ಲಿ ನಾಣ್ಯ ಹೋದದ್ದೂ ಗೊತ್ತಾಗುತ್ತಿರಲಿಲ್ಲ, ಬಂದದ್ದೂ ಗೊತ್ತಾಗುತ್ತಿರಲಿಲ್ಲ. ಗೋವಿಂದಯ್ಯನವರು ತಲೆದೂಗಿದಾಗಲೆಲ್ಲ ಜಯಶೀಲಾಳ ಮುಖ ಗಂಟಾಗುತ್ತಿತ್ತು. ತಮ್ಮ ಊರಿನವಳೆಂದು ಪಕ್ಷಪಾತ ಮಾಡುತ್ತಾರೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗುವಳು. ಹೇಮಶ್ರೀ ತಂದ ಚಕ್ಕುಲಿಯನ್ನು ನಾನು ತಿಂದರೆ ನನ್ನ ಮೇಲೂ ಸಿಟ್ಟು.

ಕೊನೆಯ ಭಾನುವಾರ ಅದು ಬಾಯಿಂದ ಬಂದೇಬಿಟ್ಟಿತು. ನಾವು ಮೂವರೇ ಜಗಲಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು.

“ನಿಂಗೇನು ಬಿಡಮ್ಮ, ಪುಣ್ಯವಂತೆ. ಕೈ ಖಾಲಿ ಇದೆ” ಎಂದಳು ಜಯಶೀಲಾ.

ಹೇಮಶ್ರೀ ಸೆರಗನ್ನು ಮುಂದಕ್ಕೆಳೆದು ಮಣಿಕಟ್ಟು ಮುಚ್ಚಿಕೊಂಡಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಶಿವಮೊಗ್ಗ ಮುಟ್ಟುವವರೆಗೆ ನಾನು ಜಯಶೀಲಾಳ ಜೊತೆ ಮಾತಾಡಲಿಲ್ಲ.

ಮಕ್ಕಳ ದಿನಾಚರಣೆಯ ಬೆಳಿಗ್ಗೆ ಸಮಾಜದ ಸಭಾಂಗಣಕ್ಕೆ ಹೋಗುವಾಗ, ಆಟೋದಲ್ಲಿ ಜಯಶೀಲಾ ಬಳೆಗಳನ್ನೆಲ್ಲ ಕಳಚಿ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಬೇಡ ಮಾರಾಯ್ತಿ ಎಂದೆ. ಅತ್ತೆ ಅಲ್ಲಿಗೆ ಬರುವುದಿಲ್ಲವಲ್ಲ ಎಂದಳು. ವೇದಿಕೆಯ ಪಕ್ಕದ ಕೋಣೆಯಲ್ಲಿ ಗೋವಿಂದಯ್ಯನವರು ಗೋಡೆಗೆ ಮುಖ ಮಾಡಿ ಅವಳನ್ನೂ ಹೇಮಶ್ರೀಯನ್ನೂ ಪರೀಕ್ಷಿಸಿದರು. ಇಬ್ಬರ ಕೈಯೂ ಸದ್ದು ಮಾಡಲಿಲ್ಲ. ಆದರೆ ಸಭಾಂಗಣ ದೊಡ್ಡದು, ಜಯಶೀಲಾಳ ಗಂಟಲೂ ದೊಡ್ಡದು. ಅವಳೇ ಮಾಡಲಿ ಎಂದರು. ಅವಳ ಮುಖ ನೋಡಬೇಕಿತ್ತು. ಅಷ್ಟು ದಿನದ ಉರಿ ಅರೆಗಳಿಗೆಯಲ್ಲಿ ಆರಿಹೋಗಿತ್ತು.

ನಾವು ಮೂವರೂ ಮುಂದಿನ ಸಾಲಿನಲ್ಲಿ ಕೂತೆವು. ಮೊದಲು ಜಯಶೀಲಾ, ನಡುವೆ ಹೇಮಶ್ರೀ, ಆಮೇಲೆ ನಾನು. ಮಹಿಳಾ ಸಮಾಜದ ಹಿರಿಯ ಹೆಂಗಸೊಬ್ಬರು ತಟ್ಟೆ ಹಿಡಿದು, ಬಂದಿದ್ದ ಹೆಂಗಸರಿಗೆಲ್ಲ ಕುಂಕುಮ, ಹೂವು ಕೊಡುತ್ತ ಬಂದರು. ಜಯಶೀಲಾ ಹಣೆ ಮುಂದೆ ಮಾಡಿದಳು. ಆಕೆಯ ಬೆರಳು ಕುಂಕುಮಕ್ಕೆ ಹೋದದ್ದು ಅರ್ಧಕ್ಕೇ ನಿಂತಿತು. ಜಯಶೀಲಾಳ ತಾಳಿ ಸೆರಗಿನೊಳಗಿತ್ತು. ಹಣೆಯ ಸ್ಟಿಕ್ಕರ್ ಹೇಮಶ್ರೀಗೂ ಇತ್ತು. ಆಕೆ ನೋಡಿದ್ದು ಬರಿಗೈಗಳನ್ನು. ಕಣ್ಣು ತಪ್ಪಿಸಿ, ತಟ್ಟೆ ಮುಂದಕ್ಕೆ ಸರಿಸಿದರು. ಜಯಶೀಲಾ ಹಣೆಯನ್ನು ಹಾಗೇ ಮುಂದೆ ಚಾಚಿಕೊಂಡು ಕೂತಿದ್ದಳು.

“ಅವ್ರಿಗೆ ಕೊಡಿ ಅಮ್ಮ. ಅವ್ರ ಯಜಮಾನ್ರು ಇದ್ದಾರೆ” ಎಂದಳು ಹೇಮಶ್ರೀ.

ಆಕೆ ತಪ್ಪು ತಿಳಿಯಬೇಡಿ ಎನ್ನುತ್ತ ಹಿಂದೆ ಬಂದು ಜಯಶೀಲಾಳಿಗೆ ಕುಂಕುಮವಿಟ್ಟು ಹೂವು ಕೊಟ್ಟರು. ಆಮೇಲೆ ಹೇಮಶ್ರೀಯನ್ನು ದಾಟಿ ನನ್ನ ಹತ್ತಿರ ಬಂದರು. ಅಷ್ಟರಲ್ಲಿ ಮೈಕಿನಲ್ಲಿ ಜಯಶೀಲಾಳ ಹೆಸರು ಕರೆದರು.

ಜಾದೂ ಚೆನ್ನಾಗಿಯೇ ಆಯಿತು. ನಾಣ್ಯ ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಮಕ್ಕಳು ಕೂಗಿ ಕುಣಿದು ಚಪ್ಪಾಳೆ ತಟ್ಟಿದವು, ಅವಳು ಬಯಸಿದ್ದಂತೆಯೇ ಬಾಯಿ ತೆರೆದು ನೋಡಿದವು. ಅವಳು ಇಳಿದು ಬರುವಷ್ಟರಲ್ಲಿ ಹೇಮಶ್ರೀ ಎದ್ದು ಹೋಗಿದ್ದಳು.

ವಾಪಸು ಆಟೋದಲ್ಲಿ ಹೊಗಳೋಣವೆಂದು ನಾನು ಬಾಯಿ ತೆರೆದೆ. ಅವಳು ಕೇಳಿಸಿಕೊಳ್ಳಲಿಲ್ಲ.

“ನಂಗೆ ಕೊಡಿ ಅಂತ ಅವಳು ಹೇಳಿದ್ಲು ಕಣೆ. ಅವಳಿಗೂ ಕೊಡಿ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ” ಎಂದಳು. ಆಮೇಲೆ ಅದೇ ಹಳೆಯ ಹೊಟ್ಟೆಕಿಚ್ಚಿನ ದನಿಯಲ್ಲಿ, “ಇದ್ರಲ್ಲೂ ಅವಳೇ ಮುಂದೆ ಹೋದ್ಲು ನೋಡು” ಎಂದು ಅಳತೊಡಗಿದಳು.